ರಕ್ತದ ಹೆಪ್ಪು

ರಾತ್ರಿ ಹಾಲಿಗೆ ಹೆಪ್ಪು ಹಾಕ್ತೀವಿ. ಬೆಳಿಗ್ಗೆ ಮೊಸರು. ಕುಡುಗೋಲು ತಾಗಿ ಬೆರಳು ಕುಯ್ದರೆ ರಕ್ತವೂ ಹೆಪ್ಪುಗಟ್ಟುತ್ತದೆ. ಅದಕ್ಕೆ ಹೆಪ್ಪು ಹಾಕಿದವರು ಯಾರು?

ಹೆಪ್ಪು ರಕ್ತದಲ್ಲೇ ಇದೆ, ಅಕ್ಕ. ಅದರಲ್ಲಿ ಹಲವು ಬಗೆಯ ಪ್ರೋಟೀನುಗಳಿವೆ. ಗಾಯವಾದಾಗ ಒಂದು ಇನ್ನೊಂದನ್ನು ಎಬ್ಬಿಸುತ್ತದೆ. ಕೊನೆಗೆ ನೂಲಿನಂಥ ಎಳೆಗಳು ಬಲೆ ಹೆಣೆದು ಗಾಯ ಮುಚ್ಚುತ್ತವೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡಲೆಕಾಯಿ ಹೊಲದಲ್ಲಿ ಕೊಳಕುಮಂಡಲ ಕಚ್ಚಿತು ಅನ್ನಿ. ಅದರ ವಿಷ ಈ ಪ್ರೋಟೀನುಗಳನ್ನು ಸುಮ್ಮಸುಮ್ಮನೆ ಎಬ್ಬಿಸುತ್ತದೆ. ಇದ್ದ ಹೆಪ್ಪೆಲ್ಲ ಖರ್ಚಾಗುತ್ತದೆ. ಆಮೇಲೆ ರಕ್ತ ನಿಲ್ಲುವುದಿಲ್ಲ. ವಸಡಿನಲ್ಲಿ, ಮೂತ್ರದಲ್ಲಿ ಕೂಡ ಬರಬಹುದು. ಕಚ್ಚಿದ ಜಾಗ ಕುಯ್ದರಂತೂ ಇನ್ನೂ ಅಪಾಯ.

ಆರ್. ಮಂಜುನಾಥ ಕಿಣಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದವರು. ಜೀವರಸಾಯನ ವಿಜ್ಞಾನಿ. ಸಿಂಗಪುರದಲ್ಲಿ ಹಾವಿನ ವಿಷದ ಮೇಲೆ ಬಹಳ ವರ್ಷ ಸಂಶೋಧನೆ ಮಾಡಿದರು. ಆಸ್ಟ್ರೇಲಿಯಾದ ಒಂದು ಹಾವಿನ ವಿಷದಿಂದ ಅವರ ತಂಡ ಒಂದು ಪ್ರೋಟೀನನ್ನು ಬೇರ್ಪಡಿಸಿತು. ಅದರ ರಚನೆ ನಮ್ಮ ರಕ್ತದ ಹೆಪ್ಪಿನ ಒಂದು ಪ್ರೋಟೀನನ್ನೇ ಹೋಲುತ್ತಿತ್ತು! ಇದನ್ನು 1999ರಲ್ಲಿ ಪ್ರಕಟಿಸಿದರು. ಕಳ್ಳನ ಕೈಯಲ್ಲಿ ನಮ್ಮ ಮನೆಯದೇ ಬೀಗದ ಕೈ ಇದ್ದಂತೆ, ನೋಡಿ.

ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಒಯ್ದರೆ ಸ್ವಲ್ಪ ರಕ್ತ ತೆಗೆಯುತ್ತಾರೆ. ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಓರೆ ಮಾಡಿದಾಗ ನೀರಿನಂತೆ ಹರಿದರೆ ಹೆಪ್ಪು ಖಾಲಿಯಾಗಿದೆ ಎಂದರ್ಥ. ಕೂಡಲೇ ವಿಷ ಇಳಿಸುವ ಮದ್ದನ್ನು ರಕ್ತನಾಳಕ್ಕೆ ಕೊಡುತ್ತಾರೆ. ಮಂತ್ರಕ್ಕೆ, ಸೊಪ್ಪಿನ ರಸಕ್ಕೆ ಈ ವಿಷ ಇಳಿಯದು.

ಮದ್ದು ವಿಷವನ್ನು ತಡೆಯುತ್ತದೆ, ಅಷ್ಟೆ. ಹೊಸ ಹೆಪ್ಪನ್ನು ನಮ್ಮ ಲಿವರೇ ಮಾಡಬೇಕು. ಅದಕ್ಕೆ ಕೆಲವು ಗಂಟೆ ಹಿಡಿಯುತ್ತದೆ. ಅದಕ್ಕೇ 6 ಗಂಟೆ ಬಿಟ್ಟು ಮತ್ತೆ ಕೊಳವೆಯಲ್ಲಿ ರಕ್ತ ಇಟ್ಟು ನೋಡುತ್ತಾರೆ.