ಈರುಳ್ಳಿಗೆ ಗುಂಡಿಕ್ಕಿದವರು

1983ರ ಕ್ರಿಸ್‌ಮಸ್ ರಜೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇಬ್ಬರು ಪ್ರಾಧ್ಯಾಪಕರು ಈರುಳ್ಳಿಗೆ ಗುಂಡು ಹೊಡೆಯುತ್ತಿದ್ದರು. ಜಾನ್ ಸ್ಯಾನ್‌ಫೋರ್ಡ್ ತೋಟಗಾರಿಕೆ ಬೆಳೆಗಳ ತಳಿವಿಜ್ಞಾನಿ, ಎಡ್ವರ್ಡ್ ವುಲ್ಫ್ ಎಂಜಿನಿಯರ್. ಗಿಡದ ಜೀವಕೋಶದೊಳಕ್ಕೆ ಹೊಸ ಜೀನ್ ತೂರಿಸಬೇಕಿತ್ತು. ಕೋಶದ ಗಟ್ಟಿ ಗೋಡೆ ದಾರಿ ಬಿಡುತ್ತಿರಲಿಲ್ಲ. ಹಾಗಾದರೆ ಗುಂಡು ಹೊಡೆದೇ ನೋಡೋಣ ಎಂದು ಏರ್‌ಗನ್ ಹಿಡಿದರು. ಈರುಳ್ಳಿಯನ್ನೇ ಆರಿಸಿಕೊಂಡದ್ದು ಅದರ ಕೋಶಗಳು ದೊಡ್ಡವು ಎಂಬ ಕಾರಣಕ್ಕೆ. ಹೈಸ್ಕೂಲಿನಲ್ಲಿ ಪೊರೆ ಸುಲಿದು ಸೂಕ್ಷ್ಮದರ್ಶಕದಡಿ ನಾವೆಲ್ಲ ನೋಡಿದ್ದು ಅವನ್ನೇ. ಮೊದಮೊದಲು ಈರುಳ್ಳಿ ಚೂರುಚೂರಾಗಿ ಹಾರಿತು, ಅಷ್ಟೇ.

ಆಮೇಲೆ ಕಟ್ಟಿದ ಯಂತ್ರದಲ್ಲಿ ನಿಜವಾದ ತೋಟಾದ ಮದ್ದೇ ಇತ್ತು. ಅದು ಸಿಡಿದಾಗ ಪ್ಲಾಸ್ಟಿಕ್ ಗುಂಡು ಮುನ್ನುಗ್ಗಿ ತೂತಿರುವ ತಡೆಗೆ ಬಡಿದು ನಿಲ್ಲುತ್ತಿತ್ತು. ಅದರ ತುದಿಗೆ ಬಳಿದ, ಜೀನ್ ಅಂಟಿಸಿಕೊಂಡ ಟಂಗ್‌ಸ್ಟನ್ ಪುಡಿ ಮಾತ್ರ ತೂತಿನಿಂದ ಹಾರಿ ಕೋಶ ಹೊಗುತ್ತಿತ್ತು. ಒಂದೊಂದು ಕಣವೂ ಮಿಲಿಮೀಟರಿನ 250ನೇ ಒಂದು ಭಾಗದಷ್ಟು. 1987ರಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿತು. ಮುಂದೆ ಯಂತ್ರದ ಹಕ್ಕು ಡುಪಾಂಟ್ ಕಂಪನಿಯ ಪಾಲಾಯಿತು.

ಡಲ್ಲಾಸ್‌ನಲ್ಲಿ ವಿಜ್ಞಾನಿ ಸ್ಟೀಫನ್ ಜಾನ್‌ಸ್ಟನ್ ತಂಡ ಆ ಯಂತ್ರವನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು ಮಾಡಿ, ಇಲಿಯ ಕಿವಿಯ ಚರ್ಮಕ್ಕೆ ಗುರಿಯಿಟ್ಟಿತು. ಈ ಸಲ ಚಿನ್ನದ ಕಣಗಳು, ಅವುಗಳ ಮೇಲೆ ಮನುಷ್ಯರ ಬೆಳವಣಿಗೆ ಹಾರ್ಮೋನಿನ ಜೀನ್. ಚರ್ಮವೇ ಹಾರ್ಮೋನು ತಯಾರಿಸಿ ಕೊಡಲಿ ಎಂಬುದು ಚಿಕಿತ್ಸೆಯ ಆಸೆ. ಚರ್ಮ ತಯಾರಿಸಿತು ಕೂಡ. ಆದರೆ ಅಲ್ಲಿ ದೇಹದ ಕಾವಲು ಕೋಶಗಳು ದಟ್ಟವಾಗಿರುತ್ತವೆ. ಅವು ಇದು ಪರಕೀಯ ಎಂದು ಸಾರಿದ್ದೇ ತಡ, ಇಲಿಗಳು ಹಾರ್ಮೋನಿನ ವಿರುದ್ಧವೇ ಪ್ರತಿಕಾಯ ಹುಟ್ಟಿಸಿದವು. ಚಿಕಿತ್ಸೆ ಕೆಟ್ಟಿತು, ಲಸಿಕೆಯ ದಾರಿ ತೆರೆಯಿತು. ಅದು 1992.

ಆ ದಾರಿ ಅಹಮದಾಬಾದಿಗೂ ಬಂತು. 2021ರ ಆಗಸ್ಟ್‌ನಲ್ಲಿ ತುರ್ತು ಬಳಕೆಗೆ ಒಪ್ಪಿಗೆ ಪಡೆದ ಝೈಡಸ್ ಕಂಪನಿಯ ಕೋವಿಡ್ ಲಸಿಕೆ ‘ಝೈಕೋವ್-ಡಿ’ ಮನುಷ್ಯರಿಗೆಂದು ಅನುಮತಿ ಸಿಕ್ಕ ಜಗತ್ತಿನ ಮೊದಲ ಡಿಎನ್‌ಎ ಲಸಿಕೆ. ಸೂಜಿಯೂ ಇಲ್ಲ, ಲೋಹದ ಕಣವೂ ಇಲ್ಲ. ದ್ರವವೇ ರಭಸವಾಗಿ ಚಿಮ್ಮಿ ಚರ್ಮದೊಳಗಿಳಿಯುತ್ತಿತ್ತು. 28 ದಿನಗಳ ಅಂತರದಲ್ಲಿ ಮೂರು ಡೋಸ್ ಬೇಕಿತ್ತು, ಅದು ಬಳಕೆಗೆ ಬರುವಷ್ಟರಲ್ಲಿ ಬಹುಪಾಲು ಜನ ಕೋವಿಶೀಲ್ಡ್ ಹಾಕಿಸಿಕೊಂಡಾಗಿತ್ತು. ಚಂದ್ರಯಾನಕ್ಕೆ ಪಟಾಕಿ ಹಚ್ಚುವ ನಮಗೆ ಇದರ ಹೆಸರೂ ನೆನಪಿಲ್ಲದಿರುವುದು ನನಗಂತೂ ಸಿಟ್ಟು ತರಿಸುತ್ತದೆ.

ಚರ್ಮದ ಮೇಲಿನ ಜೀನ್ ಚಿಕಿತ್ಸೆ ಮಾತ್ರ ಬೇರೆ ಬಾಗಿಲು ಹುಡುಕಿಕೊಂಡಿತು. ಏಳನೇ ಬಗೆಯ ಕೊಲಾಜನ್ ಇಲ್ಲದ ಮಕ್ಕಳ ಚರ್ಮ ಬಟ್ಟೆ ಉಜ್ಜಿದರೂ ಕಿತ್ತುಬರುತ್ತದೆ. ಅವರಿಗಾಗಿ 2023ರ ಮೇ ತಿಂಗಳಲ್ಲಿ ಅಮೆರಿಕ ಒಪ್ಪಿದ ‘ವೈಜುವೆಕ್’ ಗಾಯದ ಮೇಲೆ ಹನಿಹನಿಯಾಗಿ ಹಾಕುವ ಜೆಲ್. ಜೀನ್ ಹೊತ್ತೊಯ್ಯುವುದು ತುಟಿಯಲ್ಲಿ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್, ಹಲ್ಲು ಕಿತ್ತದ್ದು. ಆ ಜೀನ್ ಕೋಶದ ಸ್ವಂತ ಡಿಎನ್‌ಎಯಲ್ಲಿ ಸೇರಿಕೊಳ್ಳುವುದಿಲ್ಲ. ಚರ್ಮವೋ ಹಳೆಯ ಕೋಶಗಳನ್ನು ಉದುರಿಸುತ್ತಲೇ ಇರುತ್ತದೆ. ಹಾಗಾಗಿ ವಾರಕ್ಕೊಮ್ಮೆ ಮತ್ತೆ ಹನಿ ಹಾಕಬೇಕು.