ಸಮನೆಲದ ನಡಿಗೆಯೂ ಬೆಟ್ಟದ ಏರೂ

ದಾರಿ ಎಷ್ಟು ದೂರವೆಂದು ಕೇಳಿಕೊಂಡು ಹೊರಡುವುದು ನಮ್ಮೆಲ್ಲರ ವಾಡಿಕೆ. ಆದರೆ ಉದ್ದವೊಂದೇ ಆಯಾಸದ ಅಳತೆಯಲ್ಲವೆಂಬುದನ್ನು ಮೈಸೂರಿನ ಚಾಮುಂಡಿಬೆಟ್ಟದ ಸುಮಾರು 1000 ಮೆಟ್ಟಿಲುಗಳನ್ನು ಹತ್ತಿದವರೆಲ್ಲರೂ ಬಲ್ಲರು. ಇದರ ಕಾರಣವನ್ನು ಕೊಂಚ ವಿಚಾರಿಸೋಣ.

ಸಮನೆಲದಲ್ಲಿ ನಡೆಯುವಾಗ ಹೆಜ್ಜೆಹೆಜ್ಜೆಗೂ ಮೈ ಸ್ವಲ್ಪ ಮೇಲೇರಿ ಇಳಿಯುತ್ತದೆ. ಏರಿದಾಗ ಕೂಡಿಟ್ಟ ಶಕ್ತಿಯಲ್ಲಿ ಬಹುಪಾಲು, ಗಡಿಯಾರದ ಲೋಲಕದಲ್ಲಿ ಆಗುವಂತೆ, ಇಳಿಯುವಾಗ ಮುನ್ನಡೆಗೆ ಒದಗುತ್ತದೆ. ಆದುದರಿಂದ ವೆಚ್ಚವು ಅಲ್ಪ. 60 ಕಿಲೋಗ್ರಾಂ ತೂಕದವನಿಗೆ, ಸುಮ್ಮನೆ ಇದ್ದರೂ ತಗಲುವ ಶಕ್ತಿಯನ್ನು ಕಳೆದರೆ, ಒಂದು ಕಿಲೋಮೀಟರಿಗೆ ಆಹಾರವನ್ನು ಅಳೆಯುವ ಲೆಕ್ಕದಲ್ಲಿ ಸುಮಾರು 30 ಕ್ಯಾಲರಿ ಸಾಕು.

ಏರಿನಲ್ಲಿ ಈ ಅನುಕೂಲವಿಲ್ಲ. ಮೇಲೆತ್ತಿದ ಮೈಭಾರವು ಅಲ್ಲಿಯೇ ನಿಲ್ಲಬೇಕು. ಮರಳಿ ದೊರೆಯುವುದೇನೂ ಇಲ್ಲ. ಅದೇ ಮನುಷ್ಯನು 250 ಮೀಟರು ಎತ್ತರಕ್ಕೆ ಏರಿದನೆನ್ನಿ. ಭಾರವನ್ನೂ ಎತ್ತರವನ್ನೂ ಗುಣಿಸಿದರೆ ಬರುವ ಕಾರ್ಯವು 35 ಕ್ಯಾಲರಿಗೆ ಸಮ. ಆದರೆ ನಮ್ಮ ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಕಾಲುಭಾಗವಷ್ಟೇ ಕಾರ್ಯವಾಗುತ್ತದೆ. ಉಳಿದುದು ಶಾಖವಾಗಿ ಹೋಗುತ್ತದೆ. ಬೆವರುವುದು ಅದಕ್ಕಾಗಿಯೇ. ಹಾಗಾಗಿ ನಿಜವಾದ ವೆಚ್ಚ 140 ಕ್ಯಾಲರಿ, ಎಂದರೆ ಸಮನೆಲದಲ್ಲಿ 4½ ಕಿಲೋಮೀಟರಿಗಿಂತಲೂ ಹೆಚ್ಚು ನಡೆದಷ್ಟು.

ಇಳಿಯುವಾಗಲೋ? ಹತ್ತು ಅಡಿಗೆ ಒಂದು ಅಡಿಯಂತೆ ತಗ್ಗುವ ಮೆಲ್ಲನೆಯ ಇಳಿಜಾರಿನಲ್ಲಿ ವೆಚ್ಚವು ಸಮನೆಲಕ್ಕಿಂತಲೂ ಕಡಮೆ. ಅದಕ್ಕಿಂತ ಕಡಿದಾದರೆ, ಮೈಯನ್ನು ತಡೆದು ನಿಲ್ಲಿಸುವುದಕ್ಕೇ ಸ್ನಾಯುಗಳು ದುಡಿಯಬೇಕಾಗಿ ವೆಚ್ಚವು ಮತ್ತೆ ಬೆಳೆಯುತ್ತದೆ. ಮರುದಿನ ತೊಡೆಗಳು ನೋಯುವುದು ಹೆಚ್ಚಾಗಿ ಈ ಇಳಿತದಿಂದಲೇ.

ಈ ಲೆಕ್ಕದಿಂದ ಎರಡು ಪ್ರಯೋಜನಗಳುಂಟು. ಮೈಯನ್ನು ಮೇಲೆತ್ತುವ ಕಾರ್ಯದ ಮೊತ್ತವನ್ನು ಎತ್ತರವು ನಿಶ್ಚಯಿಸುತ್ತದೆ. ಅದನ್ನು ಎಷ್ಟು ಹೊತ್ತಿನಲ್ಲಿ ಮಾಡಬೇಕೆಂಬುದು ಮಾತ್ರ ನಮ್ಮ ಕೈಯಲ್ಲಿದೆ. ಅರ್ಧ ಗಂಟೆಯ ಏರನ್ನು ಒಂದು ಗಂಟೆಯಲ್ಲಿ ಏರಿದರೆ, ಆ ಕಾರ್ಯಕ್ಕಾಗಿ ನಿಮಿಷನಿಮಿಷಕ್ಕೆ ಒದಗಿಸಬೇಕಾದ ಶಕ್ತಿಯು ಅರ್ಧಕ್ಕಿಳಿದು ಹೃದಯದ ಹೊರೆ ಹಗುರವಾಗುತ್ತದೆ. ವೃದ್ಧರು ನಿಧಾನವಾಗಿ ಏರುವುದು ಹೇಡಿತನವಲ್ಲ, ವಿವೇಕ. ಏರುವಾಗ ಎದೆ ನೋವು ಕಂಡರೆ ಅಲ್ಲಿಯೇ ನಿಂತು ವೈದ್ಯರ ನೆರವು ಪಡೆಯತಕ್ಕದ್ದು.

ಎರಡನೆಯದು ನ್ಯಾಯದ ಮಾತು. 60 ಕಿಲೋಗ್ರಾಂ ತೂಕದ ಕೂಲಿಯಾಳು 20 ಕಿಲೋಗ್ರಾಂ ಹೊರೆಯನ್ನು ಹೊತ್ತು ಏರಿದರೆ, ಮೇಲೆತ್ತುವ ಕಾರ್ಯವು ಮೂರನೆಯ ಒಂದು ಪಾಲು ಹೆಚ್ಚುತ್ತದೆ. ಆತನ ದುಡಿಮೆಯನ್ನು ದಾರಿಯ ಉದ್ದದಿಂದಷ್ಟೇ ಅಳೆದು ಕೂಲಿ ಕೊಟ್ಟರೆ, ಅವನು ಬೆವರಿಳಿಸಿ ಗಳಿಸಿದುದರಲ್ಲಿ ಬಹುಪಾಲನ್ನು ನಾವು ಲೆಕ್ಕಕ್ಕೆ ತರದೆ ಬಿಟ್ಟಂತಾಗುತ್ತದೆ.