ಊರಿನ ಮುಖಕ್ಕೆ ಬಣ್ಣ ಹಚ್ಚುವ ಅಂಗಡಿ

ಕುಮಟಾದ ಗಿಬ್ ಸರ್ಕಲ್ಲಿನಲ್ಲಿ ಬಸ್ಸು ಹತ್ತಿ ಭಟ್ಕಳದ ಶಂಸುದ್ದೀನ್ ಸರ್ಕಲ್ಲಿನಲ್ಲಿ ಇಳಿಯುವವರು ದಾರಿಯಲ್ಲಿ ಏನು ನೋಡುತ್ತಾರೆ? ಪ್ರವಾಸಿಗರಾದರೆ ಶರಾವತಿ ಹೊಳೆ, ತೆಂಗಿನ ಸಾಲು ಅಂದಾರು. ದಿನಾ ಓಡಾಡುವವರ ಕಣ್ಣಿಗೆ ಬೀಳುವುದು ಬೇರೆಯೇ. ಹಳದೀಪುರ, ಕರ್ಕಿ, ಹೊನ್ನಾವರ, ಮಂಕಿ, ಶಿರಾಲಿ ಅಂತ ಬಸ್ಸು ನಿಂತಲ್ಲೆಲ್ಲ ಬೋರ್ಡು! ಹೊಟೇಲಿನ ಬೋರ್ಡು, ಬಟ್ಟೆ ಅಂಗಡಿ ಬೋರ್ಡು, ಆಟದ ಬ್ಯಾನರು, ಹುಟ್ಟುಹಬ್ಬದ ಶುಭಾಶಯ, ಅದರ ಪಕ್ಕದಲ್ಲೇ ಶ್ರದ್ಧಾಂಜಲಿ.

ಇಷ್ಟನ್ನೂ ತಯಾರಿಸುವವರು ಯಾರು ಸ್ವಾಮಿ? ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿ, ಮೆಟ್ಟಿಲು ಹತ್ತಿದರೆ ಸಿಗುವ ಹತ್ತಡಿ ಕೋಣೆಯವರು. ಬೋರ್ಡಿನಲ್ಲಿ 'ಗ್ರಾಫಿಕ್ಸ್' ಅಂತ ಇರುತ್ತದೆ, ಜನರ ಬಾಯಲ್ಲಿ ಡಿಟಿಪಿ ಅಂಗಡಿ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಗಿರಾಕಿಗೆ ಒಂದು ಪ್ಲಾಸ್ಟಿಕ್ ಕುರ್ಚಿ. ಮೂರು ತಾಲೂಕಿನ ಮುಖ ಹೇಗೆ ಕಾಣಬೇಕು ಅಂತ ತೀರ್ಮಾನ ಆಗುವುದು ಆ ಕುರ್ಚಿಯ ಎದುರಿಗೆ. ಹೀಗೆ ಹೇಳಿದರೆ ಅಂಗಡಿಯವರೇ ನಕ್ಕಾರು. ಆದರೆ ಮಾತು ಸುಳ್ಳಲ್ಲ.

ಒಂದು ಮೇಜು, ಹಲವು ಲಿಪಿ

ನಮ್ಮ ಕರಾವಳಿಯ ಡಿಟಿಪಿ ಅಂಗಡಿಗೆ ಇರುವ ತಾಪತ್ರಯ ಬಯಲುಸೀಮೆಯವರಿಗೆ ಗೊತ್ತಾಗುವಂಥದ್ದಲ್ಲ. ಬೆಳಿಗ್ಗೆ ಹೊನ್ನಾವರದ ಕ್ರೈಸ್ತ ಮನೆಯ ಮದುವೆ ಕಾಗದ ಬರುತ್ತದೆ: ಭಾಷೆ ಕೊಂಕಣಿ, ಲಿಪಿ ಕನ್ನಡ. ಮಧ್ಯಾಹ್ನ ಭಟ್ಕಳದ ನಿಕಾಹ್ ಕಾಗದ: ಭಾಷೆ ನವಾಯತಿ, ಲಿಪಿ ಉರ್ದುವಿನದು. ನವಾಯತಿಯೆಂದರೆ ಕೊಂಕಣಿಯ ಹತ್ತಿರದ ನೆಂಟ. ಅರಬ್ಬಿ, ಪಾರ್ಸಿ ಶಬ್ದಗಳನ್ನು ಸೇರಿಸಿಕೊಂಡು ಬೆಳೆದ ಮಾತು. ಒಂದೇ ಬಳಗದ ಎರಡು ಮಾತು ಒಂದೇ ಮೇಜಿನ ಮೇಲೆ, ಒಂದು ಎಡದಿಂದ ಬಲಕ್ಕೆ, ಇನ್ನೊಂದು ಬಲದಿಂದ ಎಡಕ್ಕೆ!

ಉರ್ದು ಅಕ್ಷರ ಅಂದರೆ ಹುಡುಗಾಟವಲ್ಲ. ನಸ್ತಲೀಕ್ ಬರವಣಿಗೆಯಲ್ಲಿ ಶಬ್ದ ಮೇಲಿನಿಂದ ಕೆಳಕ್ಕೆ ಇಳಿಜಾರಿನಲ್ಲಿ ಜಾರುತ್ತ ಬರುತ್ತದೆ. ಅದು ಅಚ್ಚಿನ ಮೊಳೆಗೆ ಒಗ್ಗಲಿಲ್ಲ. ಕಾತಿಬರು ಕೈಯಿಂದ ಬರೆದದ್ದನ್ನೇ ಕಲ್ಲಚ್ಚಿನಲ್ಲಿ ಒತ್ತುವ ಪದ್ಧತಿ ಬಹುಕಾಲ ಉಳಿಯಿತು. 1981ರಲ್ಲಿ 'ನೂರಿ ನಸ್ತಲೀಕ್' ಬಂದ ಮೇಲೆ ಯಂತ್ರಕ್ಕೆ ಆ ಕೈಬರಹ ಬಂತು, 1990ರ ದಶಕದಲ್ಲಿ 'ಇನ್‌ಪೇಜ್' ಅದನ್ನು ಸಣ್ಣ ಅಂಗಡಿಗಳಿಗೂ ತಂದಿತು.

ನಮ್ಮ ಕನ್ನಡದ ಪಾಡೂ ಸುಲಭದ್ದಲ್ಲ. 'ಬರಹ', 'ನುಡಿ' ಬಂದ ಕಾಲದಲ್ಲಿ ಇಂಗ್ಲಿಷ್ ಅಕ್ಷರದ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಕೆಲಸ ಸಾಗಿಸಿದರು. ಆಮೇಲೆ ಕನ್ನಡಕ್ಕೇ ಸ್ವಂತ ಮನೆ ಕೊಟ್ಟ ಯುನಿಕೋಡ್ ಬಂತು. ಗಿರಾಕಿ ವಾಟ್ಸಾಪಿನಲ್ಲಿ ಕಳಿಸುವುದು ಯುನಿಕೋಡ್. ಆದರೆ ಡಿಟಿಪಿಯವರ ಹತ್ತಿರ ಇರುವ ಅಂದದ ಅಕ್ಷರಗಳೆಲ್ಲ ಹೆಚ್ಚಾಗಿ ಹಳೇ ಕಾಲದವು. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಅರ್ಕಾವೊತ್ತು ಎಲ್ಲಿಗೋ ಹೋಗುತ್ತದೆ, ಒತ್ತಕ್ಷರ ಬಿದ್ದು ಹೋಗುತ್ತದೆ. 'ಶ್ರದ್ಧಾಂಜಲಿ' 'ಶ್ರದ್ದಾಂಜಲಿ' ಆಗುವುದಕ್ಕೆ, 'ಹಾರ್ದಿಕ' 'ಹಾರ್ಧಿಕ' ಆಗುವುದಕ್ಕೆ ಮಾತ್ರ ಯಂತ್ರವನ್ನು ದೂರುವಂತಿಲ್ಲ. ಅದು ನಮ್ಮದೇ ಕೊಡುಗೆ!

ಹಿಂದೆ ಮೊಳೆ ಜೋಡಿಸುವ ಪ್ರೆಸ್ಸಿನಲ್ಲಿ ಕರಡು ತಿದ್ದಲಿಕ್ಕೆ ಒಬ್ಬರಾದರೂ ಇರುತ್ತಿದ್ದರು. ಈಗ ಟೈಪು ಮಾಡುವವನೇ ಚಿತ್ರ ಹಾಕಬೇಕು, ಅವನೇ ತಿದ್ದಬೇಕು, ನಡುವೆ ಫೋನೂ ಎತ್ತಬೇಕು. "ತಮಾ, ಬಸ್ಸಿಗೆ ಹೊತ್ತಾಯ್ತು, ಬೇಗ ತೆಗೆದು ಕೊಡು ಮಾರಾಯಾ" ಎನ್ನುವ ಗಿರಾಕಿ ಬೆನ್ನ ಹಿಂದೆಯೇ ನಿಂತಿರುತ್ತಾನೆ.

ಅಜ್ಜನಿಗೆ ಕೋಟು

ಮದುವೆಗಾದರೆ ತಿಂಗಳು ಮೊದಲೇ ಬರುತ್ತಾರೆ. ಸಾವಿಗೆ ಮುಹೂರ್ತ ಇಲ್ಲವಲ್ಲ. ಹಿರಿಯರು ತೀರಿಕೊಂಡ ಮನೆಯವರು ಕೈಯಲ್ಲಿ ಒಂದು ಹಳೇ ಫೋಟೋ ಹಿಡಿದು ಮೆಟ್ಟಿಲು ಹತ್ತುತ್ತಾರೆ. ಹೆಚ್ಚಿನ ಸಲ ಒಂಟಿ ಫೋಟೋ ಇರುವುದೇ ಇಲ್ಲ. ಯಾರದೋ ಮದುವೆಯ ಗುಂಪಿನಲ್ಲಿ ಎರಡನೇ ಸಾಲಿನಲ್ಲಿ ನಿಂತದ್ದು, ಇಲ್ಲವೇ ಆಧಾರ್ ಕಾರ್ಡಿನದು. ಅಂಗಡಿಯ ಹುಡುಗ ಅಕ್ಕಪಕ್ಕದವರನ್ನು ಕತ್ತರಿಸಿ ತೆಗೆಯುತ್ತಾನೆ. ಭುಜದ ಮೇಲೆ ಯಾರದೋ ಕೈ ಉಳಿದಿರುತ್ತದೆ, ಅದನ್ನೂ ಅಳಿಸುತ್ತಾನೆ.

ಆಮೇಲೆ ಕೋಟಿನ ಪ್ರಶ್ನೆ. ಕಂಪ್ಯೂಟರಿನಲ್ಲಿ ರೆಡಿಮೇಡ್ ಕೋಟು-ಟೈ ಇರುತ್ತದೆ, ಕತ್ತಿನ ಕೆಳಗೆ ಕೂರಿಸಿದರೆ ಮುಗಿಯಿತು. ಜೀವಮಾನವಿಡೀ ಗದ್ದೆಯಲ್ಲೋ ದೋಣಿಯಲ್ಲೋ ದುಡಿದ ಅಜ್ಜ ಸತ್ತ ಮೇಲೆ ಸಾಹೇಬ! ಕೆಲವರಿಗೆ ಅದು ಇಷ್ಟ. ಇನ್ನು ಕೆಲವರು, ಅದರಲ್ಲೂ ಹೆಣ್ಣುಮಕ್ಕಳು, "ಬ್ಯಾಡ ತಮಾ, ಅಪ್ಪ ಹೆಂಗಿದ್ನೋ ಹಂಗೇ ಇರ್ಲಿ" ಅನ್ನುತ್ತಾರೆ. ಇದು ಬರೀ ಒಂದು ಫೋಟೋದ ಮಾತಲ್ಲ. ನಾವು ಹೇಗಿದ್ದೇವೋ ಹಾಗೇ ಕಾಣಬೇಕೋ, ಇನ್ಯಾರದೋ ಕೋಟಿನಲ್ಲಿ ಕಾಣಬೇಕೋ? ಈಗ ಊರಿಗೂ ಅದೇ ಪ್ರಶ್ನೆ.

ಬಾಯಲ್ಲಿ ಬನ್ಸ್, ಬೋರ್ಡಿನಲ್ಲಿ ಬರ್ಗರು

ಹನ್ನೊಂದು ಗಂಟೆಗೆ ಕೆಳಗಿನ ಹೊಟೇಲಿನಿಂದ ಚಹಾ ಬರುತ್ತದೆ, ಜೊತೆಗೆ ಬನ್ಸು, ಭಾಜಿ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಒಬ್ಬನ ಡಬ್ಬಿಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು. ಇನ್ನೊಬ್ಬನದರಲ್ಲಿ ಅಪ್ಪೆಹುಳಿ, ತಂಬುಳಿ. ಭಟ್ಕಳದ ಕಡೆಯಾದರೆ ಶುಕ್ರವಾರ ಬಿರಿಯಾನಿಯ ಮಾತು ಬಾರದೆ ಇರುವುದಿಲ್ಲ. ಈರುಳ್ಳಿ ಧಾರಾಳ ಹಾಕಿ ಮಸಾಲೆಯನ್ನು ಬೇರೆ ಬೇಯಿಸಿ, ಅನ್ನವನ್ನು ಬೇರೆ ಮಾಡಿ ಪದರ ಕೂಡಿಸುವ ಭಟ್ಕಳಿ ಬಿರಿಯಾನಿಗೂ, ಶಾವಿಗೆಯಲ್ಲಿ ಮಾಡುವ ಶಯ್ಯಾ ಬಿರಿಯಾನಿಗೂ ಬೇರೆ ಊರಿನ ಬಿರಿಯಾನಿ ಸಾಟಿಯಲ್ಲ ಅಂತ ಅಲ್ಲಿಯವರ ಖಡಾಖಂಡಿತ ಅಭಿಪ್ರಾಯ.

ಕೈ ತೊಳೆದುಕೊಂಡು ಬಂದು ಹೊಟೇಲಿನ ಮೆನು ಕಾರ್ಡು ಮಾಡಲಿಕ್ಕೆ ಕೂರುತ್ತಾರೆ. ಆಗ ಏನಾಗುತ್ತದೆ? ಇಂಟರ್ನೆಟ್ಟಿನಲ್ಲಿ ಹುಡುಕಿ, ಮೊದಲು ಸಿಕ್ಕಿದ ಚಿತ್ರವನ್ನು ತಂದು ಅಂಟಿಸುತ್ತಾರೆ. ಭಟ್ಕಳದ ಬಿರಿಯಾನಿಗೆ ಹೈದರಾಬಾದಿನ ಹಂಡೆ, ಮೀನೂಟದ ಬೋರ್ಡಿಗೆ ಎಲ್ಲಿಯದೋ ಸಮುದ್ರದ ಮೀನು. ಮುರುಗಲು ಶರಬತ್ತಿನ ಬಾಟಲಿಗೆ ಸ್ಟ್ರಾಬೆರಿ ಹಣ್ಣಿನ ಚಿತ್ರ ಹಾಕಿದರೂ ಕೇಳುವವರಿಲ್ಲ.

ಈಗ ಮನೆ ಮನೆಗಳಲ್ಲಿ ಹೆಂಗಸರು ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ತೊಡದೇವು ಮಾಡಿ ಮಾರುತ್ತಿದ್ದಾರೆ. ಮಣ್ಣಿನ ಗಡಿಗೆಯನ್ನು ಒಲೆಯ ಮೇಲೆ ಬೋರಲು ಹಾಕಿ, ಕಬ್ಬಿನ ಹಾಲಿನ ಹಿಟ್ಟಿನಲ್ಲಿ ಅದ್ದಿದ ಬಟ್ಟೆ ಎಳೆದು, ಕಾಗದದಷ್ಟು ತೆಳ್ಳಗೆ ಎಬ್ಬಿಸುವ ತೊಡದೇವಿಗೆ ಎಂಥ ಚಂದದ ಲೇಬಲ್ ಆಗಬಹುದು! ಆ ಗಡಿಗೆಯ ಚಿತ್ರ ಒಂದೇ ಸಾಕು. ಬೇಸಿಗೆಯಲ್ಲಿ ಹಂದಿಗೋಣ, ಅಳ್ವೆಕೋಡಿ ಕಡೆ ಹೆದ್ದಾರಿ ಬದಿಗೆ ಜಡೆ ಹೆಣೆದಂತೆ ತೂಗಿಬಿಡುವ ಕುಮಟಾದ ಸಿಹಿ ಈರುಳ್ಳಿಯನ್ನು ಯಾವ ಡಿಸೈನರೂ ಕಲಿಸಿಕೊಟ್ಟಿಲ್ಲ. ಬಸ್ಸಿನವರು ನಿಲ್ಲಿಸಿ ಕೊಳ್ಳುವಂತೆ ಮಾಡುವುದು ಆ ಜಡೆಯೇ.

ಲೇಬಲ್ ಮಾಡಿಸುವವರು ಒಂದು ಮಾತು ನೆನಪಿಡಿ. ಚಂದ ಮಾತ್ರ ಸಾಲದು. ಆಹಾರ ಪೊಟ್ಟಣದ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು, ತೂಕ, ತಯಾರಾದ ತಾರೀಖು, ತಯಾರಕರ ವಿಳಾಸ, ಸಸ್ಯಾಹಾರಕ್ಕೆ ಹಸಿರು ಚುಕ್ಕೆ ಬೇಕೇ ಬೇಕು.

ಈ ಕಿರೀಟ ಯಾರದು?

ಯಕ್ಷಗಾನದ ಮಾತಿಗೆ ಬರೋಣ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ತಾಲೂಕು ಹೊನ್ನಾವರ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ತಾಲೂಕೂ ಅದೇ. ಇಲ್ಲಿಯದು ಬಡಗುತಿಟ್ಟು. ಆದರೂ ಆಟದ ಬ್ಯಾನರಿನಲ್ಲಿ ಎಷ್ಟೋ ಸಲ ತೆಂಕುತಿಟ್ಟಿನ ಕಿರೀಟ! ಕಂಪ್ಯೂಟರಿನಲ್ಲಿ 'ಯಕ್ಷಗಾನ' ಅಂತ ಹುಡುಕಿದಾಗ ಮೊದಲು ಸಿಕ್ಕಿದ್ದು ಅದು, ಅಷ್ಟೇ. ಕೇದಗೆ ಮುಂದಲೆಗೂ ಕಿರೀಟಕ್ಕೂ ವ್ಯತ್ಯಾಸ ಚೌಕಿಯಲ್ಲಿ ಕೂತ ಸಣ್ಣ ಹುಡುಗನಿಗೂ ಗೊತ್ತು. ಬ್ಯಾನರು ಮಾಡಿಸಿದ ಸಂಘಟಕರಿಗೆ ಗೊತ್ತಾಗದೇ ಹೋಯಿತೇ?

ಮನೆಯಲ್ಲಿರುವ ಭಂಡಾರ

ನಮ್ಮಲ್ಲಿ ಚಿತ್ರ ಇಲ್ಲದೆ ಕಡ ತರುತ್ತೇವೆಯೇ? ಇಲ್ಲ. ಈ ಕರಾವಳಿಯ ದೇವಸ್ಥಾನಗಳ ಗೋಡೆಯಲ್ಲಿ ಕಾವಿ ಕಲೆ ಇದೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ತೆಳು ಪದರ ಬಳಿದು ಚೂಪು ಮೊನೆಯಿಂದ ಕೆತ್ತಿದರೆ, ಕೆಂಪಿನ ನಡುವೆ ಬಿಳಿ ಗೆರೆ ಎದ್ದು ಬರುತ್ತದೆ. ಎರಡೇ ಬಣ್ಣದಲ್ಲಿ ಹೂ, ಬಳ್ಳಿ, ದೇವರು, ಆನೆ, ಎಲ್ಲವೂ. ಹೊನ್ನಾವರದಲ್ಲಿ 1934ರಲ್ಲಿ ಹುಟ್ಟಿದ ಡಾ. ಕೃಷ್ಣಾನಂದ ಕಾಮತರು ಕ್ಯಾಮೆರಾ ಹೆಗಲಿಗೆ ಹಾಕಿ ಊರೂರು ತಿರುಗಿ ಈ ಕಲೆಯನ್ನು ದಾಖಲಿಸಿದರು. ಅವರು ವಿಜ್ಞಾನಿ, ಆದರೆ ಕಣ್ಣು ಚಿತ್ರಗಾರನದು. 2002ರಲ್ಲಿ ತೀರಿಕೊಂಡರು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೇ ಗೋಡೆ ಕೆಡವಿದಲ್ಲೆಲ್ಲ ಆ ಗೆರೆಗಳೂ ಹೋದವು.

ಕುಮಟಾ, ಹೊನ್ನಾವರದ ಗುಡಿಗಾರರ ಶ್ರೀಗಂಧದ ಕೆತ್ತನೆ, ಮದುವೆಗೆ ಅವರೇ ಮಾಡಿಕೊಡುವ ಬೆಂಡಿನ ಬಾಸಿಂಗ ಇವೆ. ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದ ಕಲ್ಲಿನ ಮೇಲೆ ರಾಮಾಯಣದ ಕಥೆಯೇ ಇದೆ. ಇವುಗಳಲ್ಲಿ ಒಂದು ಬಳ್ಳಿಯನ್ನು ಮದುವೆ ಕಾಗದದ ಅಂಚಿಗೆ ತಂದರೆ, ಇಂಟರ್ನೆಟ್ಟಿನ ರಾಜಸ್ಥಾನಿ ನವಿಲಿಗೆ ರಜೆ ಕೊಡಬಹುದು.

ಮಳೆಗಾಲದ ಲೆಕ್ಕ

ಡಿಟಿಪಿಯವರ ಕಷ್ಟವನ್ನೂ ಕೇಳಬೇಕು. ಜೂನ್ ಹಿಡಿಯಿತೆಂದರೆ ಮದುವೆ ಕಡಿಮೆ, ಮೇಳಗಳ ತಿರುಗಾಟ ಮುಗಿದಿರುತ್ತದೆ, ಟ್ರಾಲರುಗಳು ದಡದಲ್ಲಿ. ಪೇಟೆಯಲ್ಲಿ ಹಣ ಓಡುವುದಿಲ್ಲ. ಚೌತಿಯವರೆಗೆ ಅಂಗಡಿಯಲ್ಲಿ ಅರ್ಜಿ, ಜೆರಾಕ್ಸು ಮಾತ್ರ. ಕೆಲಸ ಬಂದಾಗಲೂ "ನನ್ ಮಗ ಮೊಬೈಲಲ್ಲೇ ಮಾಡ್ತಾನೆ, ನಿಂದೇನು ಇಷ್ಟು ರೇಟು?" ಅನ್ನುವವರೇ ಹೆಚ್ಚು. ಪ್ರಿಂಟಿಗೆ ಚದರಡಿ ಲೆಕ್ಕದಲ್ಲಿ ದುಡ್ಡು ಕೊಡುತ್ತೇವೆ, ತಲೆ ಓಡಿಸಿದ್ದಕ್ಕೆ ಕೊಡುವ ರೂಢಿ ಇಲ್ಲ. ಹಾಗಿದ್ದ ಮೇಲೆ ಅವರು ಮೊದಲು ಸಿಕ್ಕಿದ ಚಿತ್ರ ಅಂಟಿಸದೆ ಇನ್ನೇನು ಮಾಡಿಯಾರು?

ಫ್ಲೆಕ್ಸಿನ ಕಥೆಯೂ ಹಾಗೇ. 2016ರ ಮಾರ್ಚಿನಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿತು. ಸರ್ಕಲ್ಲುಗಳಲ್ಲಿ ನೋಡಿದರೆ ನಿಷೇಧದ ಸುದ್ದಿ ಇನ್ನೂ ತಲುಪಿದಂತೆ ಕಾಣುವುದಿಲ್ಲ! ಬಟ್ಟೆಯ ಮೇಲೆ ಕುಂಚದಿಂದ ಬರೆಯುತ್ತಿದ್ದ ಪೇಂಟರುಗಳ ಅನ್ನವನ್ನು ಫ್ಲೆಕ್ಸು ಕಿತ್ತುಕೊಂಡಿತು. ಆ ಕೈಗಳಲ್ಲಿ ಕೆಲವು ಇನ್ನೂ ಇವೆ. ಒಂದು 'ಶ್ರೀ' ಬರೆಸಿ ನೋಡಿ, ಗೊತ್ತಾಗುತ್ತದೆ.

2024ರ ತಿದ್ದುಪಡಿ ಕಾಯ್ದೆಯಂತೆ ಅಂಗಡಿ ಬೋರ್ಡಿನ ಶೇ. 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಕಾಯ್ದೆ ಅಳೆಯುವುದು ಅಡಿ ಲೆಕ್ಕವನ್ನು. ಆ 60ರಲ್ಲಿ ಕಾಗುಣಿತ ಸರಿ ಇದೆಯೇ, ಅಕ್ಷರ ಬಸ್ಸಿನ ಕಿಟಕಿಯಿಂದ ಓದಲಿಕ್ಕೆ ಬರುತ್ತದೆಯೇ ಅಂತ ನೋಡಬೇಕಾದವರು ನಾವೇ.

ಆದ್ದರಿಂದ ಅಂಗಡಿಯವರೇ, ಮುಂದಿನ ಸಲ ಬೋರ್ಡು ಮಾಡಿಸುವಾಗ ನಿಮ್ಮದೇ ಹೊಟೇಲಿನ ಬನ್ಸಿನ ಫೋಟೋ ತೆಗೆದುಕೊಂಡು ಹೋಗಿ. ಆಟದ ಬ್ಯಾನರಿಗೆ ಮೇಳದವರಿಂದಲೇ ಚಿತ್ರ ಕೇಳಿ ತನ್ನಿ. ಪ್ರಿಂಟಿಗೆ 'ಹೂಂ' ಅನ್ನುವ ಮೊದಲು ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹತ್ತು ನಿಮಿಷ ಕೂತು, ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. ತಲೆ ಓಡಿಸಿದ ಹುಡುಗನಿಗೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಮದುವೆ ಕಾಗದದ ತಪ್ಪು ಮದುವೆ ಮುಗಿಯುವ ತನಕ. ಅಂಗಡಿ ಬೋರ್ಡಿನ ತಪ್ಪಾದರೆ, ಮುಂದಿನ ಬೋರ್ಡು ಬರುವ ತನಕ ದಿನಾ ಬಸ್ಸಿನಲ್ಲಿ ಹೋಗುವವರೆಲ್ಲ ಓದುತ್ತಾರೆ.